ಊರೂರಿಗೆ ಹೋದ ವಿಶ್ವವಿದ್ಯಾನಿಲಯ

1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಪದವಿ ಕೊಟ್ಟು ಸುಮ್ಮನಾಗಲಿಲ್ಲ. ಅದರ ಅಧ್ಯಾಪಕರು ಊರುಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆಗಳನ್ನು ಕನ್ನಡದಲ್ಲೇ ಹೇಳಿದರು. ಕಾಲೇಜಿನ ಮೆಟ್ಟಿಲು ಹತ್ತದವರೂ ಕೂತು ಕೇಳಿದರು. ಆ ಪ್ರಚಾರೋಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಮನೆಗಳನ್ನು ಸೇರಿದವು. ಕವಿ ಕುವೆಂಪು ಉಪಕುಲಪತಿಗಳಾಗಿದ್ದಾಗ ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಈ ಕೆಲಸಕ್ಕೆ ಬಲ ತುಂಬಿತು. ಎಂಥ ದೊಡ್ಡ ಮನಸ್ಸು ಅದು!

ಹೀಗೆ ಜನರ ಬಳಿಗೆ ಹೋಗುವುದು ವಿಶ್ವವಿದ್ಯಾನಿಲಯದ ಋಣವೂ ಹೌದು. ಏನು ಕಲಿಸಬೇಕು, ಏನನ್ನು ಶೋಧಿಸಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಸ್ವಾಯತ್ತತೆಯನ್ನು ವಿಶ್ವವಿದ್ಯಾನಿಲಯಕ್ಕೆ ಕೊಟ್ಟದ್ದು ಸಮಾಜ. ಬತ್ತುವ ಕೆರೆ, ಕೆಡುವ ಅಂತರ್ಜಲದ ಬಗ್ಗೆ ಯಾರ ಮುಲಾಜೂ ಇಲ್ಲದೆ ನಿಜ ಹೇಳಲೆಂದೇ ಆ ಸ್ವಾತಂತ್ರ್ಯ. ಆದರೆ ಇಂದು ಸಂಶೋಧನೆ ಹೆಚ್ಚಾಗಿ ಇಂಗ್ಲಿಷ್ ನಿಯತಕಾಲಿಕಗಳಲ್ಲಿ ಅಚ್ಚಾಗುತ್ತದೆ, ಅಧ್ಯಾಪಕರ ಬಡ್ತಿಗೂ ಅದು ಮುಖ್ಯ ಆಧಾರ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಪಾವಗಡದ ರೈತನಿಗೆ ಅವನ ಮಾತಿನಲ್ಲೇ ತಿಳಿಸುವ ಅಧ್ಯಾಪಕಿಗೂ ಆ ಬಡ್ತಿಯಲ್ಲಿ ಅಂಕ ಸಿಗಬೇಕು.