ಸೂಜಿಯಿಲ್ಲದೆ ಒಳಹೋಗುವ ಲಸಿಕೆ

ಮಕ್ಕಳೇ, ರೋಗಾಣು ಬರುವ ಮೊದಲೇ ಅದರ ಗುರುತನ್ನು ದೇಹಕ್ಕೆ ಕಲಿಸಿಡುವುದೇ ಲಸಿಕೆಯ ಕೆಲಸ. ಹಲವು ಲಸಿಕೆಗಳಲ್ಲಿ ಸತ್ತ ಅಥವಾ ಬಲಗುಂದಿದ ರೋಗಾಣುಗಳಿರುತ್ತವೆ. ಡಿಎನ್‌ಎ ಲಸಿಕೆಯಲ್ಲಿ ರೋಗಾಣುವೇ ಇಲ್ಲ! ಅದರ ಒಂದು ಪ್ರೋಟೀನನ್ನು ತಯಾರಿಸುವ ಸೂಚನೆ ಮಾತ್ರ ಇರುತ್ತದೆ. ಮಲ್ಲಿಗೆ ಹೂವಿನ ಬದಲು ಬಳ್ಳಿಯನ್ನೇ ಕೊಟ್ಟು, ‘ಹೂವು ನೀನೇ ಬೆಳೆದುಕೋ’ ಅಂದ ಹಾಗೆ.

ಈ ಸೂಚನೆ ಇರುವುದು ಪ್ಲಾಸ್ಮಿಡ್ ಎಂಬ ದುಂಡನೆಯ ಡಿಎನ್‌ಎಯಲ್ಲಿ. ಅದನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆಯುತ್ತಾ ಹೋದಂತೆ ಒಳಗಿನ ಪ್ಲಾಸ್ಮಿಡ್ ಕೂಡ ಹೆಚ್ಚುತ್ತದೆ. ಅದನ್ನು ಬೇರ್ಪಡಿಸಿ, ಶುದ್ಧಮಾಡಿ ಲಸಿಕೆ ತಯಾರಿಸುತ್ತಾರೆ.

1990ರಲ್ಲಿ ಅಮೆರಿಕದ ವಿಜ್ಞಾನಿಗಳು ಮಿಂಚುಹುಳುವಿನ ಒಂದು ಜೀನನ್ನು, ಅಂದರೆ ಪ್ರೋಟೀನ್ ತಯಾರಿಸುವ ಸೂಚನೆಯಿರುವ ಡಿಎನ್‌ಎ ತುಣುಕನ್ನು, ಇಲಿಯ ಸ್ನಾಯುವಿಗೆ ಚುಚ್ಚಿದರು. ಮಿಂಚುಹುಳು ಬೆಳಕು ಬೀರಲು ಬಳಸುವ ಪ್ರೋಟೀನನ್ನು ಇಲಿಯ ಸ್ನಾಯು ತಾನೇ ತಯಾರಿಸಿತು! ಡಿಎನ್‌ಎ ಲಸಿಕೆಯ ಆಸೆ ಚಿಗುರಿತು. 2005ರಲ್ಲಿ ಅಮೆರಿಕದಲ್ಲಿ ಕುದುರೆಗಳಿಗೆ ವೆಸ್ಟ್ ನೈಲ್ ಜ್ವರದ ಡಿಎನ್‌ಎ ಲಸಿಕೆ ಬಂತು. ಕೆನಡಾದ ಸಾಲ್ಮನ್ ಮೀನುಗಳಿಗೂ ಒಂದು ಬಂತು.

ಮನುಷ್ಯರಿಗೆ ಮಾತ್ರ ಏಕಿಷ್ಟು ತಡ? ಡಿಎನ್‌ಎ ಜೀವಕೋಶದ ಹೊದಿಕೆ ದಾಟಬೇಕು, ಆಮೇಲೆ ಕೋಶಕೇಂದ್ರದೊಳಗೂ ಹೋಗಬೇಕು. ಚುಚ್ಚಿದ್ದರಲ್ಲಿ ಅಲ್ಲಿಗೆ ತಲುಪುವುದು ತೀರಾ ಸ್ವಲ್ಪ. ಹಾಗಾಗಿ ತಲುಪಿಸುವ ದಾರಿಯನ್ನೇ ಹುಡುಕಬೇಕಾಯಿತು. ಕೆಲವರು ಚಿನ್ನದ ಸೂಕ್ಷ್ಮ ಕಣಗಳಿಗೆ ಡಿಎನ್‌ಎ ಸವರಿ ಚರ್ಮದೊಳಗೆ ಚಿಮ್ಮಿಸಿದರು. ಕೆಲವರು ಪುಟ್ಟ ವಿದ್ಯುತ್ ಮಿಡಿತ ಕೊಟ್ಟು ಜೀವಕೋಶದ ಹೊದಿಕೆಯನ್ನು ಕ್ಷಣಕಾಲ ತೆರೆಸಿದರು.

ಕೊನೆಗೆ ದಾರಿ ತೆರೆದದ್ದು ನಮ್ಮ ದೇಶದಲ್ಲೇ. ಅಹಮದಾಬಾದಿನ ಜೈಡಸ್ ಕ್ಯಾಡಿಲಾ ಕಂಪನಿ ಕೋವಿಡ್‌ಗೆ ತಯಾರಿಸಿದ ‘ಜೈಕೋವ್-ಡಿ’ ಲಸಿಕೆಗೆ 2021ರ ಆಗಸ್ಟ್ 20ರಂದು ತುರ್ತು ಬಳಕೆಯ ಅನುಮತಿ ಸಿಕ್ಕಿತು. ಮನುಷ್ಯರಿಗಾಗಿ ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಇದು. 12 ವರ್ಷ ದಾಟಿದ ಮಕ್ಕಳಿಗೂ ಕೊಡಬಹುದಿತ್ತು. ಇದಕ್ಕೆ ಸೂಜಿ ಬೇಡ! ಒಂದು ಉಪಕರಣ ಲಸಿಕೆಯ ದ್ರವವನ್ನು ಕೂದಲೆಳೆಯಷ್ಟು ತೆಳುವಾಗಿ, ರಭಸದಿಂದ ಚರ್ಮದೊಳಗೆ ಚಿಮ್ಮಿಸುತ್ತದೆ. ರೋಗಾಣುಗಳನ್ನು ಗುರುತಿಸುವ ಕಾವಲು ಕೋಶಗಳು ಚರ್ಮದಲ್ಲಿ ಹೇರಳವಾಗಿವೆ. ಆದ್ದರಿಂದಲೇ ಆ ಜಾಗವನ್ನು ಆರಿಸಿಕೊಂಡದ್ದು.

‘ಹೊರಗಿನ ಡಿಎನ್‌ಎ ನಮ್ಮನ್ನು ಬದಲಾಯಿಸಿಬಿಟ್ಟರೆ?’ ಎಂದು ನೀವು ಕೇಳಬಹುದು. ಪ್ಲಾಸ್ಮಿಡ್ ನಮ್ಮ ಡಿಎನ್‌ಎ ಜೊತೆ ಬೆರೆಯುವಂತೆ ರೂಪಿಸಿದ್ದಲ್ಲ. ಅದು ಪ್ರತ್ಯೇಕವಾಗಿಯೇ ಇದ್ದು, ಕ್ರಮೇಣ ಚೂರಾಗಿ ಹೋಗುತ್ತದೆ.

ಜೈಕೋವ್-ಡಿಯನ್ನು 28 ದಿನಗಳ ಅಂತರದಲ್ಲಿ ಮೂರು ಸಲ ಕೊಡಬೇಕಿತ್ತು. ಇಷ್ಟು ಸಲ ಕೊಡುವುದನ್ನು ಕಡಿಮೆ ಮಾಡುವ ದಾರಿ ಸಿಗಬೇಕು. ಆದರೆ ಇದಕ್ಕೊಂದು ಅನುಕೂಲವೂ ಇದೆ: ಡಿಎನ್‌ಎ ಬೇಗ ಕೆಡದ ಗಟ್ಟಿ ವಸ್ತು. ಈ ಲಸಿಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮೂರು ತಿಂಗಳು ಕೆಡದೆ ಉಳಿಯುತ್ತದೆ. ಕರೆಂಟು, ಫ್ರಿಜ್ಜು ಸರಿಯಾಗಿಲ್ಲದ ಊರಿನ ಮಗುವಿಗೂ ಇಂಥ ಲಸಿಕೆಯನ್ನು ಸುಲಭವಾಗಿ ಒಯ್ಯಬಹುದು.