ಮೆಟಲ್ ಹ್ಯಾಲೈಡ್ ದೀಪ: ಬಿಳಿ ಬೆಳಕಿನ ಲಾಭ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸ)



ಕ್ರಿ.ಶ. 965ರ ಸುಮಾರಿಗೆ ಬಸ್ರಾದಲ್ಲಿ ಜನಿಸಿದ ವಿಜ್ಞಾನಿ ಇಬ್ನ್ ಅಲ್ ಹೈಸಮ್, ವಸ್ತುವಿನಿಂದ ಬಂದ ಬೆಳಕು ಕಣ್ಣು ಸೇರಿದಾಗಲೇ ಆ ವಸ್ತು ಕಾಣುತ್ತದೆಂದು ವಿವರಿಸಿದರು. ಹಾಗಾದರೆ ದೀಪದಲ್ಲೇ ಇಲ್ಲದ ಬಣ್ಣ ಬಟ್ಟೆಯಲ್ಲಿ ಕಾಣುವುದು ಹೇಗೆ? ನಮ್ಮ ದಾವಣಗೆರೆ ಬಟ್ಟೆಗೆ ಹೆಸರಾದ ಊರು. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಕಡುನೀಲಿ ಬಟ್ಟೆ ಹಿಡಿದು ನೋಡಿ, ಕಪ್ಪೆಂದೇ ಹೇಳುತ್ತೀರಿ. ಬಣ್ಣವನ್ನು ಇದ್ದಂತೆ ತೋರಿಸುವ ಗುಣಕ್ಕೆ 100ರ ಮೇಲೆ ಅಂಕ ಕೊಡುವ ಪದ್ಧತಿಯಿದೆ. ಸಾಮಾನ್ಯ ಸೋಡಿಯಂ ದೀಪಕ್ಕೆ ಸುಮಾರು 25, ಮೆಟಲ್ ಹ್ಯಾಲೈಡ್‌ಗೆ 65ರಿಂದ 90.

ಹಳೆಯ ಪಾದರಸದ ದೀಪದಲ್ಲಿ ಕೆಂಪು ಬಣ್ಣದ ಕೊರತೆಯಿತ್ತು. ಅದರೊಳಗೆ ಸೋಡಿಯಂ, ಸ್ಕ್ಯಾಂಡಿಯಂ ಮುಂತಾದ ಲೋಹಗಳ ಅಯೋಡೈಡ್ ಲವಣ ಸೇರಿಸಿದರೆ ಬೆಳಕು ಬಿಳಿಯಾಗುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ರೈಲಿಂಗ್ ಈ ದೀಪವನ್ನು ಬಳಕೆಗೆ ಬರುವಂತೆ ರೂಪಿಸಿದರು.

ಖರ್ಚಿನ ಲೆಕ್ಕ ನೋಡಿ. 250 ವ್ಯಾಟಿನ ಒಂದು ಮೆಟಲ್ ಹ್ಯಾಲೈಡ್ ದೀಪ ಸುಮಾರು 20,000 ಲ್ಯೂಮೆನ್ ಬೆಳಕು ಕೊಡುತ್ತದೆ. ಅಷ್ಟಕ್ಕೆ 100 ವ್ಯಾಟಿನ ಹಳೆಯ ಬಲ್ಬು ಹದಿನಾಲ್ಕು ಹದಿನೈದು ಬೇಕು. ಅಷ್ಟೇ ವ್ಯಾಟಿನ ಸೋಡಿಯಂ ದೀಪ ಇನ್ನೂ ಹೆಚ್ಚು ಬೆಳಕು ಕೊಡುತ್ತದೆ ನಿಜ, ಆದರೆ ಬಣ್ಣ ಕೆಡಿಸುತ್ತದೆ. ಟ್ಯೂಬ್‌ಲೈಟ್ ಉಳಿತಾಯದಲ್ಲಿ ಹಿಂದೆ ಬೀಳದು. ನಾಲ್ಕಡಿ ಉದ್ದದ ಆ ದೀಪದ ಬೆಳಕನ್ನು ಮಾತ್ರ ದೂರಕ್ಕೆ ಗುರಿಯಿಟ್ಟು ಹಾಯಿಸಲಾಗದು. ಈದ್ಗಾ ಮೈದಾನಕ್ಕೆ, ಎತ್ತರದ ಸೂರಿನ ಕಾರ್ಖಾನೆಗೆ ಮೆಟಲ್ ಹ್ಯಾಲೈಡ್ ಒಪ್ಪಿದ್ದು ಇದಕ್ಕೇ.

ಕಾರ್ಖಾನೆ ಎಂದ ಮೇಲೆ ಹರಿಹರದ ಮಾತು ಬರಲೇಬೇಕು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳಿಂದ ಹೆಸರಾದ ಊರು ಅದು. ಐ.ಟಿ.ಐ. ಓದುವ ಮಕ್ಕಳೇ, ಇಲ್ಲಿ ಗಮನವಿಟ್ಟು ಕೇಳಿ. ಸಾಮಾನ್ಯ ಚೋಕ್ ಇರುವ ಇಂತಹ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಲೇತಿನ ಚಕ್ ತಿರುಗುವ ವೇಗ ಅದಕ್ಕೆ ಹೊಂದಿಕೊಂಡುಬಿಟ್ಟರೆ, ತಿರುಗುತ್ತಿರುವ ಚಕ್ ನಿಂತಂತೆ ಕಾಣುತ್ತದೆ. ಕೈಯಿಟ್ಟವನ ಗತಿಯೇನು? ಅಕ್ಕಪಕ್ಕದ ದೀಪಗಳನ್ನು ಮೂರು ಬೇರೆ ಬೇರೆ ಫೇಸ್‌ಗಳಿಗೆ ಜೋಡಿಸಿದರೆ ಈ ಅಪಾಯ ಬಹಳ ತಗ್ಗುತ್ತದೆ. ವೈರಿಂಗ್ ಮಾಡುವವನ ಕೈಯಲ್ಲಿ ಇನ್ನೊಬ್ಬರ ಬೆರಳುಗಳಿವೆ.

ಇದರ ದೊಡ್ಡ ಕೊರತೆ, ಕರೆಂಟು ಹೋಗಿ ಬಂದರೆ ತಕ್ಷಣ ಹತ್ತದಿರುವುದು. ತಣ್ಣಗಾಗಿ ಮತ್ತೆ ಹತ್ತಲು ಹತ್ತು ಹದಿನೈದು ನಿಮಿಷ ಬೇಕು. ಶಾದಿಮಹಲಿನಲ್ಲಿ ಊಟದ ಹೊತ್ತಿಗೆ ಹೀಗಾದರೆ ಏನು ಗತಿ ಎಂದು ನಿಮಗೆ ಹೇಳಬೇಕಿಲ್ಲ!

ಆದ್ದರಿಂದ ಇಂದು ಹೊಸದಾಗಿ ಹಾಕಿಸುವವರು ಎಲ್‌.ಇ.ಡಿ.ಯನ್ನೇ ಆರಿಸಲಿ. ಅದು ತಕ್ಷಣ ಹತ್ತುತ್ತದೆ, ಹೆಚ್ಚು ಬಾಳುತ್ತದೆ, ಅದರಲ್ಲಿ ಪಾದರಸವಿಲ್ಲ. ಕೊಳ್ಳುವಾಗ ಬಣ್ಣದ ಅಂಕ 80ಕ್ಕೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಿ. ಜನರು ಕೊಟ್ಟ ಚಂದಾ ಹಣದಲ್ಲಿ ದೀಪ ಹಾಕಿಸುವ ಸಮಿತಿಯವರು ಬರೀ ಬೆಲೆಚೀಟಿ ನೋಡಿದರೆ ಸಾಲದು.

ಹಳೆಯ ಮೆಟಲ್ ಹ್ಯಾಲೈಡ್ ದೀಪವಿದ್ದಲ್ಲಿ, ಹೊರಗಾಜು ಒಡೆದರೆ ಕೂಡಲೇ ಆರಿಸಿ. ಒಳಗಿನ ನೇರಳಾತೀತ ಕಿರಣ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಕೆಟ್ಟ ದೀಪವನ್ನು ಗುಜರಿಗೆ ಹಾಕಬೇಡಿ. ಅಲ್ಲಿ ಅದನ್ನು ಒಡೆಯುವವರು ಹಲವು ಸಲ ನಮ್ಮ ಮಕ್ಕಳೇ, ಒಳಗಿರುವುದು ಪಾದರಸ. ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೆ ಒಪ್ಪಿಸಿ.