ಕೋಟೆಯ ಮಣ್ಣು, ಡಬ್ಬಿಯ ಕಪ್ಪು

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನ ಎಳೆಯ ಗೆಳೆಯ ಗೆಳತಿಯರೇ, ನಿಮ್ಮ ಮನೆಯ ಶೋಕೇಸಿನಲ್ಲಿ ಬೆಳ್ಳಿ ಬಳ್ಳಿಗಳ ಕಪ್ಪು ಡಬ್ಬಿಯೋ ಹೂದಾನಿಯೋ ಇದೆಯೇ? ಅದು ಬಿದರಿ. ಅದರ ತವರಾದ ಬೀದರಿಗೆ ಕಳೆದ ಡಿಸೆಂಬರ್ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ.

ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ತನ್ನ ಹೆಸರಾಂತ ಗುಮ್ಮಟವನ್ನು ಏರಿಸುತ್ತಿದ್ದ ಕಾಲದಲ್ಲೇ ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದು ಈ ಕೋಟೆ ಕಟ್ಟಿಸಿದ. ಬಂಡೆಯನ್ನೇ ಕಡಿದು ತೆಗೆದ ಮೂರು ಸಾಲಿನ ಕಂದಕ ಇಂದಿಗೂ ಇದೆ. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು ಈಗಲೂ ಹೊಳೆಯುತ್ತದೆ.

ಮಗಳು ಕೇಳಿದಳು: "ಅಮ್ಮಾ, ಗೋಡೆ ಮೇಲಿರೋದು ಪರ್ಷಿಯನ್. ಇದು ನಮ್ಮದು ಹೇಗಾಗುತ್ತೆ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮಹಮೂದ್ ಗವಾನನ ಕಥೆ ಹೇಳಿದೆ. ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದವನು ಇಲ್ಲಿ ಪ್ರಧಾನಿಯಾದ. 1472ರಲ್ಲಿ ಊರೊಳಗೆ ದೊಡ್ಡ ಮದರಸಾ ಕಟ್ಟಿಸಿದ. ಹೊರಗಿನಿಂದ ಬಂದವರಿಗೂ ಇಲ್ಲಿನ ದಖನಿಗಳಿಗೂ ಜಗಳ. ಕೊನೆಗೆ ಒಂದು ನಕಲಿ ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದ. ಮಗಳು ಮೌನವಾದಳು. "ನೀನು ಎಲ್ಲಿಯವಳು?" ಎಂದು ಶಾಲೆಯಲ್ಲಿ ಕೇಳಿಸಿಕೊಂಡವಳಲ್ಲವೇ!

ಉತ್ತರ ಸಿಕ್ಕಿದ್ದು ಬಿದರಿ ಕುಶಲಕರ್ಮಿಯೊಬ್ಬರ ಅಂಗಡಿಯಲ್ಲಿ. ಈ ಕಲೆಯ ಬೇರೂ ಇರಾನಿನದು ಎನ್ನುತ್ತಾರೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿನೀರು. ಅದು ಸೋಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. "ಮಣ್ಣು ನಾಲಿಗಿಗೆ ಹಚ್ಚಿ ನೋಡಿ ಆರಿಸ್ತೀವ್ರಿ ಅಕ್ಕಾ" ಎಂದರು ಅವರು.

ಕಲೆ ಎಲ್ಲಿಂದಲೋ ಬಂತು, ಇಲ್ಲಿನ ಮಣ್ಣು ಹಿಡಿಯಿತು, ಊರಿನ ಹೆಸರನ್ನೇ ಪಡೆಯಿತು. ಬೆಳ್ಳಿ ಮಾತ್ರ ತನ್ನ ಬಣ್ಣ ಬಿಡಲಿಲ್ಲ. ಗೆಳೆಯರೇ, ನೀವೂ ಹಾಗೇ ಅಲ್ಲವೇ?

ಮಗಳಿಗೆ ಒಂದು ಚಿಟಿಕೆ ಕೋಟೆ ಮಣ್ಣು ತರುವ ಆಸೆ. "ಅಡಿಲೇಡ್ ಏರ್‌ಪೋರ್ಟಿನಲ್ಲಿ ಬಿಡಲ್ಲ ಕಣೇ" ಎಂದೆ. ಪುಟ್ಟ ಡಬ್ಬಿಯೊಂದನ್ನು ಕೊಂಡು, "ಮಣ್ಣು ಇದರಲ್ಲೇ ಇದೆಯಲ್ಲ" ಎಂದು ನಕ್ಕಳು.

ಇವತ್ತೇ ಶೋಕೇಸಿನ ಡಬ್ಬಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ.